550 ಕಾರುಗಳೂ ಒಂದು ಹೋಂಡಾ ಫಿಟ್ಟೂ

ಫೋರ್ಜಾ ಹೊರೈಜನ್ ಎಂಬ ಕಾರ್ ರೇಸಿನ ವಿಡಿಯೊ ಗೇಮ್ ಸರಣಿಯ ಆರನೆಯ ಆಟ ಜಪಾನಿನಲ್ಲಿ ನಡೆಯಲಿದೆ ಎಂಬುದು 2025ರ ಸೆಪ್ಟೆಂಬರಿನ ಟೋಕಿಯೊ ಗೇಮ್ ಷೋದಲ್ಲಿ ಪ್ರಕಟವಾದಂದಿನಿಂದ ನನಗೂ ನನ್ನ ಅಕ್ಕನ ಮಗನಿಗೂ ಒಂದು ವಾದ ಹತ್ತಿಕೊಂಡಿದೆ. 2026ರ ಮೇ ತಿಂಗಳಿಗೆ ಬರಲಿರುವ ಆ ಆಟದಲ್ಲಿ ಮೊದಲ ದಿನವೇ 550ಕ್ಕೂ ಹೆಚ್ಚು ಕಾರುಗಳಿರುತ್ತವೆ ಎಂದು ಗೊತ್ತಾದ ಮೇಲೆ ಅವನ ಧ್ವನಿ ಇನ್ನಷ್ಟು ಏರಿತು. "ಮಾವ, ನಿಮ್ಮ ಗ್ರ್ಯಾನ್ ಟುರಿಸ್ಮೊ ನಾಲ್ಕು ವರ್ಷ ಎರಡೆರಡು ಮೂರು ಮೂರು ಕಾರು ಸೇರಿಸಿಕೊಳ್ಳುತ್ತಾ ತಲುಪಿದ ಜಾಗಕ್ಕೆ ಇದು ಹುಟ್ಟುವಾಗಲೇ ಬಂದು ನಿಂತಿರುತ್ತದೆ" ಎಂಬುದು ಅವನ ಮಾತು. ಲೆಕ್ಕ ತಪ್ಪಲ್ಲ. ಆದರೂ ಅದರ ಎದುರಾಳಿಯಾದ, ಪ್ಲೇಸ್ಟೇಷನ್ ಎಂಬ ಆಟದ ಯಂತ್ರದಲ್ಲಿ ಆಡುವ ಗ್ರ್ಯಾನ್ ಟುರಿಸ್ಮೊ 7 ಮತ್ತು ಫೋರ್ಜಾ ಹೊರೈಜನ್ 5 ಎರಡನ್ನೂ ನನ್ನ ಸ್ವಂತ ಹಣದಲ್ಲಿ ಕೊಂಡು ಆಡಿರುವ ನಾನು, ಕಾರುಗಳ ಪಟ್ಟಿಯ ವಿಚಾರದಲ್ಲಿ ಮೊದಲನೆಯದರ ಪಕ್ಷದವನು. ಇದನ್ನು ಈಗಲೇ ಹೇಳಿಬಿಡುವುದು ಓದುಗರಿಗೆ ಅನುಕೂಲ. ಚಿತ್ರದ ಸ್ಪಷ್ಟತೆ, ಸೆಕೆಂಡಿಗೆ ಎಷ್ಟು ಫ್ರೇಮು ಎಂಬ ವಿವರಗಳು ಎಲ್ಲೆಡೆ ಸಿಗುವುದರಿಂದ ಅವುಗಳ ಗೊಡವೆಗೆ ಇಲ್ಲಿ ಹೋಗುವುದಿಲ್ಲ.

ಹೊಸ ರೇಸಿಂಗ್ ಆಟವೊಂದರ ಕಾರುಗಳ ಪಟ್ಟಿ ಹೊರಬಿದ್ದಾಗ ಅಭಿಮಾನಿಗಳ ಪ್ರತಿಕ್ರಿಯೆ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಬರುತ್ತದೆ. ಮೊದಲು ಎಣಿಕೆ, ಆಮೇಲೆ ತನ್ನ ಮೆಚ್ಚಿನ ಕಾರು ಇಲ್ಲವೆಂಬ ದುಃಖ, ಕೊನೆಗೆ ಇರುವ ಕಾರುಗಳೂ ಹಿಂದಿನ ಆಟದಿಂದ ಹಾಗೇ ಎತ್ತಿ ತಂದ ಹಳೆಯ ಮಾದರಿಗಳೆಂಬ ಆಕ್ಷೇಪ. ಎಣಿಕೆಯನ್ನು ನಂಬಬಾರದೆಂದು ನನಗೆ ಕಲಿಸಿದ್ದು ಸ್ವತಃ ಗ್ರ್ಯಾನ್ ಟುರಿಸ್ಮೊ. 2010ರಲ್ಲಿ ಬಂದ ಅದರ ಐದನೆಯ ಆಟದಲ್ಲಿ ಸಾವಿರಕ್ಕೂ ಹೆಚ್ಚು ಕಾರುಗಳಿದ್ದವು. ಅವುಗಳಲ್ಲಿ ಸುಮಾರು 200 ಮಾತ್ರ ಹೊಸದಾಗಿ, ಒಳಾಂಗಣದ ಹೊಲಿಗೆ ಕಾಣುವಷ್ಟು ಸೂಕ್ಷ್ಮವಾಗಿ ರೂಪಿಸಿದವು. ಉಳಿದವು ಪ್ಲೇಸ್ಟೇಷನ್ 2ರ ಕಾಲದಿಂದ ಬಂದವು. ಒಂದೇ ಸ್ಕೈಲೈನಿನ, ಒಂದೇ ಮಿಯಾಟಾದ ಹತ್ತಾರು ರೂಪಗಳು ಪಟ್ಟಿಯನ್ನು ಉಬ್ಬಿಸಿದ್ದವು, ಅಭಿಮಾನಿಗಳು ನಕ್ಕಿದ್ದೂ ಬೈದದ್ದೂ ಇದಕ್ಕೇ. 2017ರ ಗ್ರ್ಯಾನ್ ಟುರಿಸ್ಮೊ ಸ್ಪೋರ್ಟ್ ಇದಕ್ಕೆ ತದ್ವಿರುದ್ಧವಾಗಿ ಇನ್ನೂರಕ್ಕೂ ಕಡಿಮೆ ಕಾರುಗಳೊಂದಿಗೆ ಬಂದಾಗ ಅದೇ ಜನ ಬಡ ಪಟ್ಟಿ ಎಂದು ಹೀಗಳೆದರು. ಸಂಖ್ಯೆ ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು ಎನ್ನುವಾಗ ಅಳತೆಗೋಲನ್ನೇ ಬದಲಿಸುವುದು ಲೇಸೆಂದು ನನಗೆ ಅನ್ನಿಸಿತು.

ಮೆಚ್ಚಿನ ಕಾರು ಇಲ್ಲವೆಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಆಟ ಕಟ್ಟುವವರ ಸೋಮಾರಿತನವಲ್ಲ, ಕಾರು ಕಂಪನಿ ಕೊಡಬೇಕಾದ ಪರವಾನಗಿ. 2018ರಲ್ಲಿ ಫೋರ್ಜಾ ಹೊರೈಜನ್ 4 ಬಂದಾಗ ಅದರಲ್ಲಿ ಟೊಯೊಟಾ ಸುಪ್ರಾ ಇರಲಿಲ್ಲ. ಅದು ಮರಳಿದ್ದು 2020ರಲ್ಲಿ. ಈ ನಡುವೆ, 2019ರಲ್ಲಿ, ನೀಡ್ ಫಾರ್ ಸ್ಪೀಡ್ ಹೀಟ್ ಆಟದಲ್ಲಿಯೂ ಟೊಯೊಟಾ ಇಲ್ಲವೇಕೆಂದು ಕೇಳಿದವರಿಗೆ ಕಂಪನಿಯ ಬ್ರಿಟನ್ ಶಾಖೆ, ನಮ್ಮ ಕಾರುಗಳು ಗ್ರ್ಯಾನ್ ಟುರಿಸ್ಮೊ ಸ್ಪೋರ್ಟಿನಲ್ಲಿವೆ, ಅದು ಕಾನೂನುಬಾಹಿರ ಬೀದಿ ರೇಸನ್ನು ಪ್ರೋತ್ಸಾಹಿಸುವುದಿಲ್ಲ ಎಂಬರ್ಥದ ಉತ್ತರ ಕೊಟ್ಟು, ಅದು ಗುಲ್ಲಾದ ಮೇಲೆ ಅಳಿಸಿಹಾಕಿತು. ಅಂಥ ಟೊಯೊಟಾ ಈಗ ಫೋರ್ಜಾ ಹೊರೈಜನ್ 6ರ ಮುಖಪುಟದಲ್ಲೇ ಕುಳಿತಿದೆ. ಪೋರ್ಷೆಯ ಕಥೆ ಇನ್ನೂ ಉದ್ದದ್ದು: ಅದರ ಹಕ್ಕು 2016ರ ಕೊನೆಯವರೆಗೆ ಒಂದೇ ಪ್ರಕಾಶಕ ಸಂಸ್ಥೆಯ ಕೈಯಲ್ಲಿದ್ದ ಕಾರಣ ಗ್ರ್ಯಾನ್ ಟುರಿಸ್ಮೊ ಪ್ರಿಯರು ವರ್ಷಾನುಗಟ್ಟಲೆ ರೂಫ್ ಎಂಬ ಜರ್ಮನ್ ಕಂಪನಿಯ ಕಾರುಗಳನ್ನೇ ಪೋರ್ಷೆ ಎಂದುಕೊಂಡು ಓಡಿಸಿದರು. ಪರವಾನಗಿಗೆ ಅವಧಿಯೂ ಇರುವುದರಿಂದ ಕೆಲವೊಮ್ಮೆ ಇಡೀ ಆಟವೇ ಅಂಗಡಿಯಿಂದ ಇಳಿಯುತ್ತದೆ. ಫೋರ್ಜಾ ಹೊರೈಜನ್ 4ರ ಮಾರಾಟ 2024ರ ಡಿಸೆಂಬರ್ 15ಕ್ಕೆ ನಿಂತಿತು. ಮೊದಲೇ ಕೊಂಡವರು ಮಾತ್ರ ಈಗಲೂ ಆಡಬಹುದು. ಆದ್ದರಿಂದ ಯಾವ ಪಟ್ಟಿಯನ್ನೂ ಆಸ್ತಿ ಎಂದು ಭಾವಿಸದೆ ಭೋಗ್ಯಕ್ಕೆ ಸಿಕ್ಕಿದ್ದು ಎಂದುಕೊಂಡು ಓದುವುದು ಸರಿ.

ನನ್ನ ಅಳತೆಗೋಲು ಸರಳವಾದದ್ದು: ಪಟ್ಟಿಯ ತುದಿಯನ್ನು ನೋಡದೆ ಬುಡವನ್ನು ನೋಡುತ್ತೇನೆ. ಬುಗಾಟಿ ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಅತಿ ಅಗ್ಗದ, ಅತಿ ನಿಧಾನದ ಕಾರು ಯಾವುದು ಮತ್ತು ಅದನ್ನು ಓಡಿಸಲು ಆಟ ನಮಗೊಂದು ಕಾರಣ ಕೊಡುತ್ತದೆಯೇ ಎಂಬುದು ನನಗೆ ಮುಖ್ಯ. ಫೋರ್ಜಾ ಹೊರೈಜನ್ 5 ಶುರುವಿನಲ್ಲೇ ಒಂದು ಕಾರ್ವೆಟ್, ಒಂದು ಸುಪ್ರಾ, ಒಂದು ಫೋರ್ಡ್ ಬ್ರಾಂಕೊ ಮುಂದಿಟ್ಟು ಆರಿಸಿಕೊಳ್ಳಿ ಎನ್ನುತ್ತದೆ. ಗ್ರ್ಯಾನ್ ಟುರಿಸ್ಮೊ 7 ನಮ್ಮನ್ನು ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗೆ ಕರೆದೊಯ್ದು ಟೊಯೊಟಾ ಆಕ್ವಾ, ಮಾಜ್ಡಾ ಡೆಮಿಯೊ, ಹೋಂಡಾ ಫಿಟ್ ಎಂಬ ಮೂರು ಮನೆವಾಳ್ತೆಯ ಕಾರುಗಳನ್ನು ತೋರಿಸುತ್ತದೆ. ಫಿಟ್ ಎಂದರೆ ನಮ್ಮಲ್ಲಿ ಜಾಝ್ ಎಂದು ಮಾರಾಟವಾದ ಕಾರು. ನಮ್ಮ ತಂದೆಯವರು 2016ರಲ್ಲಿ ಕೊಂಡದ್ದು ಅದೇ, ಆದರೆ ಆಟದಲ್ಲಿರುವಂತೆ ಹೈಬ್ರಿಡ್ ಅಲ್ಲ. ಆ ಪುಟ್ಟ ಕಾರನ್ನು ನಮ್ಮ ಮನೆಯ ಕಾರಿನ ಬಣ್ಣಕ್ಕೆ ತಿರುಗಿಸಿ, ಅದರ ಸಸ್ಪೆನ್ಷನ್ ಬಿಗಿಗೊಳಿಸಿ, ಟ್ಸುಕುಬಾ ಟ್ರ್ಯಾಕಿನಲ್ಲಿ ಸುತ್ತು ಹಾಕಿದಾಗ ನನಗಾದ ಸಂತೋಷ ಫೋರ್ಜಾ ಹೊರೈಜನ್ 5 ನಡೆಯುವ ಮೆಕ್ಸಿಕೊದ ಮರುಭೂಮಿಯಲ್ಲಿ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಹೋದಾಗ ಆಗಲಿಲ್ಲ. ಫೋರ್ಜಾದಲ್ಲಿ ಸಣ್ಣ ಕಾರುಗಳೇ ಇಲ್ಲವೆಂದಲ್ಲ. ಮೂರು ಗಾಲಿಯ ಪೀಲ್ ಪಿ50 ಕೂಡ ಅದರಲ್ಲಿದೆ. ಆದರೆ ಅಲ್ಲಿ ಅದು ತಮಾಷೆಯ ವಸ್ತು, ಇಲ್ಲಿ ಫಿಟ್ ಪಾಠದ ಮೊದಲ ಅಕ್ಷರ.

ಇನ್ನು ನನ್ನ ಹೋಲಿಕೆಯನ್ನು ಒಂದು ಕಡೆಗೆ ವಾಲಿಸಿದ ಪ್ರಸಂಗವನ್ನು ಹೇಳಬೇಕು. ಫೋರ್ಜಾ ಹೊರೈಜನ್ 5ನ್ನು ಅಧಿಕೃತ ಅಂಗಡಿಯಲ್ಲಿ ಕೊಳ್ಳದೆ, ಆನ್‌ಲೈನಿನಲ್ಲಿ ಕೋಡ್ ಮಾರುವ ಒಬ್ಬ ವ್ಯಾಪಾರಿಯಿಂದ ಪ್ರೀಮಿಯಂ ಆವೃತ್ತಿಯನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಬೆಲೆಗೆ ಕೊಂಡೆ. ಪ್ರೀಮಿಯಂ ಎಂದರೆ ಮೂಲ ಆಟದ ಜೊತೆಗೆ ಎರಡು ವಿಸ್ತರಣೆಗಳು ಮತ್ತು ಕಾರ್ ಪಾಸ್. ಕಾರ್ ಪಾಸ್ ಎಂದರೆ 42 ಹೆಚ್ಚುವರಿ ಕಾರುಗಳು. ವ್ಯಾಪಾರಿ ಎರಡು ಕೋಡ್ ಕಳುಹಿಸಿದ. ಮೊದಲನೆಯದನ್ನು ಹಾಕಿದೊಡನೆ ಆಟ ನನ್ನ ಖಾತೆಗೆ ಬಂತು. ನಮ್ಮ ಮನೆಯ ಇಂಟರ್ನೆಟ್ಟಿನಲ್ಲಿ ನೂರು ಜಿಬಿಗೂ ಮಿಕ್ಕಿದ ಡೌನ್‌ಲೋಡು ಮುಗಿಯಲು ಎರಡು ರಾತ್ರಿ ಹಿಡಿದದ್ದರಿಂದ ಎರಡನೆಯ ಕೋಡನ್ನು ಆಮೇಲೆ ಹಾಕಿದರಾಯಿತೆಂದು ಸುಮ್ಮನಿದ್ದೆ. ಅದೇ ತಪ್ಪಾಯಿತು. ಮೂರನೆಯ ದಿನ ಹಾಕಿದಾಗ, ಈ ಕೋಡ್ ನಿಮ್ಮ ಪ್ರದೇಶದಲ್ಲಿ ನಡೆಯುವುದಿಲ್ಲ ಎಂಬ ಸಾಲು ತೆರೆಯ ಮೇಲೆ ಬಂತು.

ಆಟ ಇದೆ, ಕಾರುಗಳಿಲ್ಲ. ಇಲ್ಲ ಎಂದರೆ ಕಣ್ಣಿಗೆ ಕಾಣದಂತೆ ಇಲ್ಲವಾಗಿದ್ದರೆ ಸಹಿಸಬಹುದಿತ್ತು. ಅವು ಆಟದೊಳಗಿನ ಕಾರು ಮಳಿಗೆಯ ಸಾಲಿನಲ್ಲಿ ಮಿಕ್ಕ ಕಾರುಗಳ ನಡುವೆಯೇ ನಿಂತಿರುತ್ತವೆ, ಒತ್ತಿದರೆ ಬೇರೆ ಹಣ ಕೊಟ್ಟು ಕೊಳ್ಳಿ ಎಂಬ ಪುಟ ತೆರೆಯುತ್ತದೆ. ಈಗಾಗಲೇ ಹಣ ಕೊಟ್ಟವನಿಗೆ ಇದು ಮದುವೆ ಮನೆಯಲ್ಲಿ ಎಲೆ ಹಾಕಿಸಿಕೊಂಡು ಕುಳಿತವನ ಮುಂದೆ ಹೋಳಿಗೆಯ ಬುಟ್ಟಿ ಹಾದುಹೋದಂತೆ.

ವ್ಯಾಪಾರಿಗೆ ಬರೆದೆ. ಕೋಡ್ ಸರಿಯಾಗಿಯೇ ಇದೆ, ನಿಮ್ಮ ಖಾತೆಯ ದೇಶವನ್ನು ಬದಲಿಸಿಕೊಳ್ಳಿ ಎಂಬ ಉತ್ತರ ಬಂತು. ದೇಶ ಬದಲಿಸಿದರೆ ಖಾತೆಯಲ್ಲಿ ರೂಪಾಯಿಯಲ್ಲಿರುವ ಬಾಕಿ ಹಣದ ಗತಿ ಏನು, ಮುಂದೆ ಇಲ್ಲಿನ ಕಾರ್ಡಿನಿಂದ ಪಾವತಿ ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಮಾರಾಟದ ಪುಟದಲ್ಲಿ ಪ್ರದೇಶದ ವಿಷಯ ಎಲ್ಲಿ ಬರೆದಿದ್ದೀರಿ ಎಂದಾಗ ಅವರು ಕೆಳಗಿನ ತುದಿಯಲ್ಲಿ ಬೂದು ಬಣ್ಣದ ಪುಟ್ಟ ಅಕ್ಷರಗಳ ಒಂದು ಸಾಲನ್ನು ತೋರಿಸಿದರು. ಸಾಲು ಇದ್ದದ್ದು ನಿಜ. ನಾನು ಓದದೆ ಇದ್ದದ್ದೂ ನಿಜ. ಹತ್ತೊಂಬತ್ತು ದಿನಗಳ ಪತ್ರವ್ಯವಹಾರದ ಕೊನೆಗೆ 600 ರೂಪಾಯಿ ಮರಳಿತು, ಅದೂ ಅವರ ಅಂಗಡಿಯಲ್ಲೇ ಖರ್ಚು ಮಾಡಬೇಕಾದ ಕೂಪನ್ನಿನ ರೂಪದಲ್ಲಿ. ಆ ಕೂಪನ್ ಅವಧಿ ಮುಗಿದು ಸತ್ತಿತು.

ಇದರಲ್ಲಿ ಆಟದ ತಪ್ಪೇನೂ ಇಲ್ಲವೆಂದು ನನ್ನ ಅಳಿಯ ಹೇಳುವುದು ನ್ಯಾಯವೇ. ಆದರೆ ಒಂದು ಪಟ್ಟಿ ಎಷ್ಟು ಬಾಗಿಲುಗಳ ಹಿಂದೆ ಹಂಚಿಹೋಗಿದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಮೂಲ ಆಟದವು ಬೇರೆ, ಕಾರ್ ಪಾಸಿನವು ಬೇರೆ, ವಿಸ್ತರಣೆಗಳವು ಬೇರೆ, ಇವುಗಳ ಮೇಲೆ ವಾರ ವಾರದ ಸ್ಪರ್ಧೆಗಳಲ್ಲಿ ಗೆದ್ದವರಿಗಷ್ಟೇ ಸಿಗುವವು ಬೇರೆ. ಆ ವಾರ ಊರಿನಲ್ಲಿ ಇಲ್ಲದಿದ್ದರೆ ಆಮೇಲೆ ಆಟದೊಳಗಿನ ಹರಾಜಿನ ಮನೆಯಲ್ಲಿ ಹುಡುಕಬೇಕು. ವಾರಕ್ಕೆ ಭಾನುವಾರ ಎರಡು ಗಂಟೆ ಮಾತ್ರ ಆಡುವ ನನ್ನಂಥವನಿಗೆ ಈ ಏರ್ಪಾಡು ಒಗ್ಗುವುದಿಲ್ಲ. ದಿನಾ ಸಂಜೆ ಕೂರುವ ಅಳಿಯನಿಗೆ ಇದೇ ಆಟದ ರುಚಿ. ಗ್ರ್ಯಾನ್ ಟುರಿಸ್ಮೊ 7ರ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೂ ಕಾರುಗಳು ಬಂದು ಹೋಗುತ್ತಿರುತ್ತವೆ, ಹೊಸ ಕಾರುಗಳ ಮಳಿಗೆಯಲ್ಲಿ 2001ರಿಂದ ಈಚಿನವು ಮಾತ್ರ ಇರುತ್ತವೆ. ಆದರೆ ಇಂದು ಹೋದದ್ದು ಇನ್ನೊಂದು ದಿನ ತಿರುಗಿ ಬರುತ್ತದೆ, ಅಪ್‌ಡೇಟುಗಳಲ್ಲಿ ಬರುವ ಹೊಸ ಕಾರುಗಳಿಗೆ ಬೇರೆ ಪಾಸ್ ಬೇಕಿಲ್ಲ. ನಾನು 1,700 ರೂಪಾಯಿಗೆ ಕೊಂಡ ಹಳೆಯ ಡಿಸ್ಕಿಗೂ ಅವೆಲ್ಲ ಬಂದವು.

ನನ್ನ ಮೆಚ್ಚಿನ ಆಟದ ಹುಳುಕನ್ನೂ ಮುಚ್ಚಿಡಲಾರೆ. ಅದರ ಬಹುಪಾಲು ಭಾಗ ಇಂಟರ್ನೆಟ್ ಇಲ್ಲದೆ ನಡೆಯುವುದಿಲ್ಲ, ಒಬ್ಬರೇ ಆಡುವಾಗಲೂ. 2022ರ ಮಾರ್ಚಿನಲ್ಲಿ, ಬಿಡುಗಡೆಯಾಗಿ ಎರಡು ವಾರವಾಗುವಷ್ಟರಲ್ಲಿ, ಒಂದು ಅಪ್‌ಡೇಟಿನ ದೋಷದಿಂದ ಸರ್ವರುಗಳು ಮೂವತ್ತು ಗಂಟೆಗೂ ಹೆಚ್ಚು ಕಾಲ ಮುಚ್ಚಿದ್ದವು. ಆಗಲೇ ಹಲವು ರೇಸುಗಳ ಬಹುಮಾನವನ್ನೂ ಇಳಿಸಿದ್ದರಿಂದ ಅಭಿಮಾನಿಗಳು ಕೆರಳಿದರು. ಸರಣಿಯ ಸೃಷ್ಟಿಕರ್ತ ಕಝುನೊರಿ ಯಾಮಾಉಚಿ ಕ್ಷಮೆ ಕೇಳಿ, ಆಟಗಾರರಿಗೆ ಹತ್ತು ಲಕ್ಷ ಕ್ರೆಡಿಟ್ (ಆಟದೊಳಗಿನ ಹಣ) ಕೊಟ್ಟು, ಬಹುಮಾನಗಳನ್ನು ಏರಿಸಬೇಕಾಯಿತು. ನಾನು ಆ ಗಲಾಟೆ ತಣ್ಣಗಾದ ಮೇಲೆ ಬಂದವನು. ಇಂದಿಗೂ ಅದರ ಕೆಲವು ಐತಿಹಾಸಿಕ ಕಾರುಗಳ ಬೆಲೆ ಕೋಟಿ ಕ್ರೆಡಿಟಿನ ಮೇಲಿದೆ. ನಾನು ಅವುಗಳ ಆಸೆ ಇಟ್ಟುಕೊಂಡಿಲ್ಲ.

ಇನ್ನೆರಡು ರೇಸಿಂಗ್ ಆಟಗಳ ಬಗ್ಗೆ ಚುಟುಕಾಗಿ. ಹವಾಯಿಯಲ್ಲಿ ನಡೆಯುವ ದ ಕ್ರೂ ಮೋಟಾರ್‌ಫೆಸ್ಟನ್ನು ಐದು ಗಂಟೆಗಳ ಉಚಿತ ಪ್ರಯೋಗದಲ್ಲಿ ನೋಡಿದೆ. ದೋಣಿಗಳನ್ನೂ ವಿಮಾನಗಳನ್ನೂ ಸೇರಿಸಿ ಎಣಿಸುವ ಪಟ್ಟಿ ನನಗೆ ಬೇಡ. ಅಸೆಟ್ಟೊ ಕೋರ್ಸಾದಲ್ಲಿ ಅಭಿಮಾನಿಗಳು ತಾವೇ ಕಟ್ಟಿದ ಕಾರುಗಳನ್ನು ಹಾಕಿಕೊಳ್ಳಬಹುದಾದ್ದರಿಂದ ಅದರ ಪಟ್ಟಿಗೆ ಕೊನೆಯೇ ಇಲ್ಲ, ಆದರೆ ಒಂದು ಸಂಜೆಯ ಅರ್ಧ ಭಾಗ ಕಡತಗಳನ್ನು ಫೋಲ್ಡರಿನಿಂದ ಫೋಲ್ಡರಿಗೆ ಸಾಗಿಸುವುದರಲ್ಲೇ ಕಳೆಯುತ್ತದೆ.

ಎಂಜಿನ್ ಸದ್ದಿನಲ್ಲಿ ಫೋರ್ಜಾ ಮೇಲು.

ಆರನೆಯ ಹೊರೈಜನ್ ಜಪಾನಿಗೆ ಹೋಗುತ್ತಿರುವುದರಿಂದ ನನ್ನ ಕುತೂಹಲ ಕೆರಳಿರುವುದು ಮುಖಪುಟದ ಟೊಯೊಟಾ ಜಿಆರ್ ಜಿಟಿಯಿಂದಲ್ಲ, ಕೀ ಕಾರುಗಳಿಂದ. ಎಂಜಿನ್ 660 ಸಿಸಿ ಮೀರಬಾರದು, ಶಕ್ತಿ 64 ಅಶ್ವಶಕ್ತಿ ದಾಟಬಾರದು ಎಂಬ ಮಿತಿಯೊಳಗೆ ಜಪಾನಿನವರು ಕಟ್ಟಿದ ಸುಜುಕಿ ಕ್ಯಾಪುಚಿನೊ, ಹೋಂಡಾ ಬೀಟ್‌ನಂಥ ಪುಟಾಣಿಗಳಿವು. ಇವು ನಮಗೆ ದೂರದವೂ ಅಲ್ಲ. 1983ರಲ್ಲಿ ಇಲ್ಲಿಗೆ ಬಂದ ಮಾರುತಿ 800 ಸುಜುಕಿಯ ಕೀ ಕಾರಿನ ಒಡಲಿಗೆ 796 ಸಿಸಿಯ ಎಂಜಿನ್ ಕೂರಿಸಿದ್ದೇ ಹೊರತು ಬೇರೇನಲ್ಲ. ಭಾರತದ ಕಾರೊಂದು ಇಂಥ ಆಟದ ಜೊತೆ ಸುದ್ದಿಯಾದದ್ದು ಟಾಟಾದ ರೇಸ್ಮೊ. 2017ರ ಜಿನೀವಾ ಪ್ರದರ್ಶನದಲ್ಲಿ ಅದನ್ನು ಫೋರ್ಜಾ ಹೊರೈಜನ್ 3ರ ಜೊತೆ ಜೋಡಿಸಿ ತೋರಿಸಿದರು, ಆದರೆ ನಿಜವಾದ ಕಾರು ರಸ್ತೆಗಿಳಿಯಲೇ ಇಲ್ಲ. ಹಾಗಾಗಿ 800ರ ಜಪಾನಿ ದಾಯಾದಿಗಳಲ್ಲಿ ಯಾವುದಾದರೊಂದು ಮಲೆಯ ತಿರುವುಗಳಲ್ಲಿ ಓಡಿಸಲು ಸಿಕ್ಕರೆ ನನ್ನ ಮಟ್ಟಿಗೆ ಆ ಪಟ್ಟಿ ಗೆದ್ದಂತೆ. ಗ್ರ್ಯಾನ್ ಟುರಿಸ್ಮೊ 7ರಲ್ಲಿ ಕ್ಯಾಪುಚಿನೊ ಈಗಲೇ ನನ್ನ ಗ್ಯಾರೇಜಿನಲ್ಲಿದೆ. ಇಲ್ಲದಿರುವುದು ಅದಕ್ಕೆ ತಕ್ಕ ಸಾರ್ವಜನಿಕ ಘಾಟಿ ರಸ್ತೆ. ಅದೊಂದು ವಿಷಯದಲ್ಲಿ ನಾನು ಅಳಿಯನ ಮುಂದೆ ಸೋಲಬಹುದು.

ನನ್ನ ತೀರ್ಮಾನ ನನ್ನ ಕಿಸೆಗೂ ಭಾನುವಾರಕ್ಕೂ ಹೊಂದಿದ್ದು. ಪ್ಲೇಸ್ಟೇಷನ್ ಇದ್ದು, ಒಂದೇ ಸಲ ಹಣ ಕೊಟ್ಟು ಆತುರವಿಲ್ಲದೆ ಕಾರು ಕೂಡಿಸುವ ಅಭ್ಯಾಸವಿದ್ದರೆ ಗ್ರ್ಯಾನ್ ಟುರಿಸ್ಮೊ 7ರ ಹಳೆಯ ಡಿಸ್ಕನ್ನೇ ಕೊಳ್ಳಬೇಕು. ದಿನವೂ ಆಡುವವರು, ಗೆಳೆಯರ ಗುಂಪಿರುವವರು ಫೋರ್ಜಾಕ್ಕೆ ಹೋಗಲಿ, ಆದರೆ ಕೋಡನ್ನು ಅಧಿಕೃತ ಅಂಗಡಿಯಲ್ಲೇ ಕೊಳ್ಳಲಿ. ಆರನೆಯದರಲ್ಲಿ ನಾನು ಕೊಳ್ಳುವುದಿದ್ದರೆ ಮೂಲ ಆವೃತ್ತಿಯನ್ನು ಮಾತ್ರ, ಅದೂ ದಸರೆಯ ಹೊತ್ತಿಗೆ ಬೆಲೆ ಇಳಿದರೆ. ಅಲ್ಲಿಯವರೆಗೆ ಅಳಿಯ ಹೊಸ ಕಾರುಗಳ ಹೆಸರು ಬಂದ ಹಾಗೆಲ್ಲ ನನಗೆ ಕಳುಹಿಸುತ್ತಿದ್ದಾನೆ, ನಾನು ಪ್ರತಿ ಸಲವೂ ಸುಜುಕಿಯ ಸಾಲಿಗೆ ಇಳಿದು ಅಲ್ಲಿಂದ ಮೇಲಕ್ಕೆ ಓದುತ್ತಿದ್ದೇನೆ.