ಮರಿ ಬಂದವು, ಆದರೆ ಡಬ್ಬಿ ಮೇಲಿನ ಸೀಗಡಿ ಅಲ್ಲ

ಮಗಳ ಹುಟ್ಟುಹಬ್ಬಕ್ಕೆ ಅಂತ ಆನ್‌ಲೈನ್‌ನಲ್ಲಿ 650 ರೂಪಾಯಿ ಕೊಟ್ಟು ಸೀಗಡಿ ಮೊಟ್ಟೆಯ ಕಿಟ್ ತರಿಸಿದೆ. ಚಿಕ್ಕಮಗಳೂರಿಗೆ ಬರಲು ಆರು ದಿನ ಹಿಡಿಯಿತು. ಡಬ್ಬಿ ಮೇಲೆ ಬೆಟ್ಟ, ನೀಲಿ ಕೆರೆ, ಕೆಂಪು ಸೀಗಡಿ, ಕೆಳಗೆ ‘ಎತ್ತರದ ಕೆರೆಯ ಅಪರೂಪದ ಸಿಹಿನೀರು ಸೀಗಡಿ’ ಅಂತ ಬರಹ. ಒಳಗೆ ನೋಡಿದರೆ ಒಂದು ಉಪ್ಪಿನ ಪೊಟ್ಟಣ! ಸಿಹಿನೀರಿನ ಪ್ರಾಣಿಗೆ ಉಪ್ಪು ಯಾಕೆ ಹೇಳಿ?

ಒಳಗಿದ್ದದ್ದು ಆರ್ಟೀಮಿಯಾ ಅನ್ನೋ ಪುಟ್ಟ ಸೀಗಡಿಯ ಮೊಟ್ಟೆ. ಉಪ್ಪುನೀರಿನ ಕೆರೆಗಳದ್ದು, ಅಕ್ವೇರಿಯಂನವರು ಮೀನಿನ ಮರಿಗಳಿಗೆ ಹಾಕುವುದೂ ಇದನ್ನೇ. ಡಬ್ಬಿ ಚಿತ್ರದ್ದು ಇಟಲಿಯ ಕಿರೊಸೆಫಾಲಸ್ ಮಾರ್ಕೆಸೋನಿ ಥರ ಕಾಣುತ್ತದೆ. ಅದು ಇರುವುದು ಇಡೀ ಜಗತ್ತಿನಲ್ಲಿ ಪಿಲಾಟೊ ಅನ್ನೋ ಒಂದೇ ಕೆರೆಯಲ್ಲಿ, ಹೆಚ್ಚೂಕಡಿಮೆ ನಮ್ಮ ಮುಳ್ಳಯ್ಯನಗಿರಿ ತುದಿಯಷ್ಟೇ ಎತ್ತರದಲ್ಲಿ. 1954ರಲ್ಲಿ ಮಾರ್ಕೆಸೋನಿ ಅನ್ನುವವರ ಕಣ್ಣಿಗೆ ಬಿತ್ತು, ಅವರದೇ ಹೆಸರು. ಮಳೆ ಕಮ್ಮಿಯಾದ ವರ್ಷ ಕೆರೆ ಬತ್ತಿಹೋದರೂ ಮೊಟ್ಟೆಗಳು ದಂಡೆಯ ಕಲ್ಲುಗಳ ಸಂದಿಯಲ್ಲಿ ಒಣಗಿ ಬದುಕಿರುತ್ತವೆ, ಅದಕ್ಕೇ ಅಲ್ಲಿ ಕಾಲಿಡಬಾರದು ಅನ್ನುತ್ತಾರೆ. ಇಂಥದ್ದನ್ನು ಯಾರೋ ಪೊಟ್ಟಣ ಕಟ್ಟಿ ಮಾರುತ್ತಾರಾ?

ಸರಿ, ಬಂದಿದ್ದನ್ನು ಬಿಡೋದು ಬೇಡ ಅಂತ ನಲ್ಲಿ ನೀರನ್ನು ಒಂದು ರಾತ್ರಿ ಹಾಗೇ ಇಟ್ಟು, ಉಪ್ಪು ಕರಗಿಸಿ, ಹಳೇ ಹಾರ್ಲಿಕ್ಸ್ ಬಾಟಲಿಗೆ ಮೊಟ್ಟೆ ಸುರಿದೆ. ಸುಮ್ನೆ ಕಾಫಿಪುಡಿ ಉದುರಿಸಿದ ಹಾಗಿತ್ತು. ಕೈಪುಸ್ತಕದಲ್ಲಿ 24 ಗಂಟೆ ಅಂತಿದೆ, ಆದರೆ ಜನವರಿಯ ನಮ್ಮೂರ ಚಳಿಗೆ ಅದು ಆಗಲಿಲ್ಲ. ಪಕ್ಕದಲ್ಲಿ ಬಲ್ಬ್ ಹಚ್ಚಿಟ್ಟ ಮೇಲೆ, ಮೂರನೇ ದಿನ ಬೆಳಿಗ್ಗೆ ಬಾಟಲಿ ತುಂಬಾ ಕಿತ್ತಳೆ ಚುಕ್ಕಿಗಳು. ಮೂಲೆಗೆ ಟಾರ್ಚ್ ಹಿಡಿದರೆ ಎಲ್ಲವೂ ಓಡಿ ಅಲ್ಲೇ ಗುಂಪುಗೂಡುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿಯೊಂದಕ್ಕೂ ನಡುವೆ ಒಂದೇ ಕಣ್ಣು! ಬೆಳೆಯುತ್ತಾ ಎರಡು ಕಣ್ಣು ಬಂದವು, ಅಂಗಾತ ಬಿದ್ದು ಈಜತೊಡಗಿದವು, ಹನ್ನೊಂದು ಜೊತೆ ಕಾಲನ್ನು ಅಲೆಯ ಹಾಗೆ ಆಡಿಸುತ್ತಾ. ಅಂಗಾತ ಈಜುವುದರಲ್ಲಿ ಮಾತ್ರ ಇವು ಇಟಲಿಯ ಸೀಗಡಿಯ ಹತ್ತಿರದ ನೆಂಟರೇ.

ಕೆಲವು ಸತ್ತವು, ಆಹಾರದ ಹಸಿರು ಪುಡಿ ಜಾಸ್ತಿ ಹಾಕಿದ್ದು ನಾನೇ. ಮಾರಿದವರಿಗೆ ಫೋನ್ ಮಾಡಿ ಚಿತ್ರದ ವಿಷಯ ಕೇಳಿದರೆ ‘ಚಿತ್ರ ಮಾದರಿಗಾಗಿ ಮಾತ್ರ ಮೇಡಂ’ ಅಂದರು.

ಪ್ರಾಣಿಗೆ ನಾಲ್ಕು ಸ್ಟಾರ್, ಡಬ್ಬಿಗೆ ಒಂದು. ನಿಮಗೂ ಬೇಕಾದರೆ ಅಕ್ವೇರಿಯಂ ಅಂಗಡಿಯಲ್ಲಿ ಆರ್ಟೀಮಿಯಾ ಮೊಟ್ಟೆ ಕೇಳಿ, ಲೀಟರ್‌ಗೆ 25-30 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು ಹಾಕಿದರೆ ಸಾಕು.