ಕೆರೆಯಂಚಿನ ತಡೆಗೋಡೆಗೆ ಮಣ್ಣು ಪರೀಕ್ಷೆ ಮತ್ತು ವಿನ್ಯಾಸ ಸೇವೆ: ಕೋಲಾರದ ನಮ್ಮ ಅನುಭವ

ಕೋಲಾರ ತಾಲ್ಲೂಕಿನ ನಮ್ಮ ಊರಿನಲ್ಲಿ ದೇವಸ್ಥಾನದ ಅಂಗಳ ಕೆರೆಯ ಅಂಚಿಗೆ ತಾಗಿಕೊಂಡಿದೆ. ಅಂಗಳದ ಮಣ್ಣನ್ನು ಹಿಡಿದು ನಿಲ್ಲಿಸಿದ್ದ ಮೂರು ಮೀಟರ್ ಎತ್ತರದ ಕಲ್ಲಿನ ತಡೆಗೋಡೆ ಕಟ್ಟಿದ ನಾಲ್ಕೇ ವರ್ಷದಲ್ಲಿ ಹೊಟ್ಟೆ ಉಬ್ಬಿ, ಕೆರೆಯ ಕಡೆಗೆ ಮಗುಚಿ ಬಿದ್ದಿತು. ಸಣ್ಣ ನೀರಾವರಿ ಇಲಾಖೆಯ ಅನುಮತಿ ಪಡೆದು, ಹಳೆಯ ಸಾಲಿನಲ್ಲಿಯೇ, ಕೆರೆಯಂಗಳಕ್ಕೆ ಒಂದಡಿಯನ್ನೂ ಚಾಚದೆ ಅದನ್ನು ಮತ್ತೆ ಕಟ್ಟುವಾಗ, ಸಮಿತಿಯವರಾದ ನಾವು ಬೆಂಗಳೂರಿನ ಒಂದು ಸಣ್ಣ ಸಲಹಾ ಸಂಸ್ಥೆಗೆ ಮಣ್ಣು ಪರೀಕ್ಷೆ ಮತ್ತು ವಿನ್ಯಾಸವನ್ನು ಒಪ್ಪಿಸಿದೆವು. ಶುಲ್ಕವು ಗೋಡೆಯ ಒಟ್ಟು ವೆಚ್ಚದ ಹದಿನೈದನೆಯ ಒಂದು ಪಾಲಿಗಿಂತ ಕಡಿಮೆಯಾಯಿತು.

ಮೊದಲ ಕೆಲಸ ಎರಡು ಕಡೆ ಕೊರೆದು ನೋಡಿದ್ದು. 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುವ ಪರೀಕ್ಷೆ ಅದು. ಮೇಲಿನ ಎರಡು ಮೀಟರಿನಷ್ಟು ಕಪ್ಪು ಗೋಡುಮಣ್ಣಿನಲ್ಲಿ ನಾಲ್ಕೈದು ಪೆಟ್ಟಿಗೇ ಇಳಿದ ಕೊಳವೆ, ಅದರ ಕೆಳಗಿನ ಶಿಥಿಲ ಬಂಡೆಯಲ್ಲಿ ಐವತ್ತು ಪೆಟ್ಟಿಗೂ ಜಗ್ಗಲಿಲ್ಲ. ಹಳೆಯ ಗೋಡೆಯ ಪಾಯ ಆ ಗೋಡುಮಣ್ಣಿನಲ್ಲಿಯೇ ನಿಂತಿತ್ತು ಎಂಬುದು ನಮಗೆ ತಿಳಿದದ್ದು ಆಗಲೇ.

ಆದರೆ ಈ ಸೇವೆಯ ನಿಜವಾದ ಬೆಲೆ ನನಗೆ ಕಂಡದ್ದು ನೀರಿನ ಲೆಕ್ಕದಲ್ಲಿ. ಮೂರು ಮೀಟರ್ ಎತ್ತರದ ಒಣಮಣ್ಣು ಗೋಡೆಯ ಪ್ರತಿ ಮೀಟರ್ ಉದ್ದವನ್ನು ಸುಮಾರು 27 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಎಂದರೆ ಸುಮಾರು ನೂರು ಕಿಲೋ ಭಾರ) ಬಲದಿಂದ ತಳ್ಳುತ್ತದೆ. ಅದೇ ಮಣ್ಣು ತುದಿಯವರೆಗೆ ನೀರು ಕುಡಿದು ನಿಂತರೆ, ಮುಳುಗಿದ ಮಣ್ಣಿನ 15 ಮತ್ತು ನೀರಿನ ಒತ್ತಡವೊಂದರದೇ 44 ಸೇರಿ, ತಳ್ಳು 59 ಕಿಲೋನ್ಯೂಟನ್‌ಗೆ ಏರುತ್ತದೆ. ಕೆರೆ ತುಂಬಿರುವಾಗ ಎದುರಿನ ನೀರೂ ಗೋಡೆಯನ್ನು ಮರಳಿ ಒತ್ತುವುದರಿಂದ ಅಪಾಯ ಕಡಿಮೆ. ತೂಬು ತೆಗೆದು ಕೆರೆಯ ಮಟ್ಟ ಬೇಗ ಇಳಿದಾಗ, ಹಿಂದಿನ ಮಣ್ಣಿನ ನೀರು ಅಷ್ಟೇ ಬೇಗ ಇಳಿಯದೆ ಉಳಿದುಬಿಡುತ್ತದೆ, ಗೋಡೆ ಬೀಳುವುದು ಆಗ. ನಮ್ಮ ಗೋಡೆ ತುಂಬಿದ ಕೆರೆಯ ಮುಂದೆ ನಿಂತಿದ್ದು, ನೀರು ಇಳಿದ ಮೇಲೆ ಬಿದ್ದದ್ದೇಕೆ ಎಂಬ ಪ್ರಶ್ನೆಗೆ ಇಷ್ಟು ಸ್ಪಷ್ಟವಾದ ಉತ್ತರವನ್ನು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ.

ಒಂದು ಲೋಪವನ್ನು ಹೇಳಲೇಬೇಕು. ಕೊರೆದದ್ದು ಮೇ ತಿಂಗಳಲ್ಲಿ. ಆ ದಿನ ಕಂಡ ಅಂತರ್ಜಲ ಮಟ್ಟವನ್ನೇ ಮೊದಲ ವರದಿ ಲೆಕ್ಕಕ್ಕೆ ತೆಗೆದುಕೊಂಡಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಲಕ್ಷ್ಮೀಸಾಗರ ಕೆರೆಯಿಂದ ಮೊದಲಾಗಿ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ ಮೇಲೆ, ವರ್ಷಗಟ್ಟಲೆ ಒಣಗಿರುತ್ತಿದ್ದ ಕೆರೆಗಳ ನಡತೆಯೇ ಬದಲಾಗಿದೆ; 2021ರ ನವೆಂಬರ್ ಮಳೆಗೆ ಇಲ್ಲಿ ಎಷ್ಟೋ ಕೆರೆಗಳು ಕೋಡಿ ಹರಿದವು. ಬೇಸಿಗೆಯ ಒಂದು ದಿನದ ಅಳತೆ ಇಲ್ಲಿ ಸಾಲದು, ಕೋಡಿಯ ಮಟ್ಟವನ್ನೇ ಹಿಡಿಯಬೇಕೆಂದು ನಮ್ಮ ಊರಿನ ಹಿಂದಿನ ನೀರುಗಂಟಿಯೊಬ್ಬರು ಪಟ್ಟುಹಿಡಿದರು. ಎಂಜಿನಿಯರ್ ಆ ನೀರುಗಂಟಿಯ ಮಾತನ್ನು ತಳ್ಳಿಹಾಕದೆ, ಸ್ಥಳಕ್ಕೆ ಮತ್ತೆ ಬಂದು, ಕೋಡಿಯಿಂದ ಮಟ್ಟ ಅಳೆದು, ಹೆಚ್ಚುವರಿ ಶುಲ್ಕವಿಲ್ಲದೆ ವಿನ್ಯಾಸವನ್ನು ತಿದ್ದಿಕೊಟ್ಟರು. ಆ ಸೌಜನ್ಯಕ್ಕೆ ನಾನು ಕೃತಜ್ಞ. ಆದರೂ ಆ ಪ್ರಶ್ನೆ ನಮ್ಮಿಂದ ಬರುವ ಮೊದಲೇ ಅವರಿಂದ ಬರಬೇಕಿತ್ತು.

ತಿದ್ದಿದ ವಿನ್ಯಾಸದಲ್ಲಿ ಪಾಯ ಶಿಥಿಲ ಬಂಡೆಗೆ ಇಳಿಯಿತು, ಗೋಡೆ ಮುಂದಕ್ಕೆ ಜಾರದಂತೆ ತಳದಲ್ಲಿ ಬಂಡೆಯೊಳಗೊಂದು ಕಾಂಕ್ರೀಟಿನ ಹಲ್ಲು ಸೇರಿತು. ಸೈಜುಗಲ್ಲು ಕಟ್ಟುವ ಕೈಗಳು ಇಲ್ಲಿ ಧಾರಾಳವಾಗಿರುವುದರಿಂದ ಕಲ್ಲಿನ ಗೋಡೆಯನ್ನೇ ಉಳಿಸಿಕೊಂಡದ್ದು ಸರಿಯಾದ ನಿರ್ಧಾರ. ಹಳೆಯ ಗೋಡೆಗೂ ನೀರು ಹೊರಹೋಗುವ ತೂತುಗಳು, ಅಂದರೆ ವೀಪ್ ಹೋಲ್‌ಗಳಿದ್ದವು, ಆದರೆ ಹಿಂದೆ ಗೋಡುಮಣ್ಣನ್ನೇ ತುಂಬಿದ್ದರಿಂದ ಅವೆಲ್ಲ ಕಟ್ಟಿಕೊಂಡಿದ್ದವು. ಈಗ ಗೋಡೆಯ ಹಿಂದೆ 300 ಮಿಲಿಮೀಟರ್ ದಪ್ಪದ ಜಲ್ಲಿ ಪದರ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಒಂದೂವರೆ ಮೀಟರ್ ಅಂತರದಲ್ಲಿ 100 ಮಿಲಿಮೀಟರ್ ಪಿವಿಸಿ ಕೊಳವೆಗಳು, ಬುಡದಲ್ಲಿ ತೂತುಳ್ಳ ಉದ್ದನೆಯ ಕೊಳವೆ ಇವೆ. ಅಂಗಳದ ಮಳೆನೀರು ಹಿಂಬದಿಗೆ ಇಂಗದಂತೆ ಮೇಲೆ ಜೇಡಿಮಣ್ಣಿನ ಹೊದಿಕೆ ಮತ್ತು ಚರಂಡಿ ಮಾಡಲಾಗಿದೆ. ಅಲೆಗಳು ಬುಡವನ್ನು ಕೊರೆಯದಂತೆ ಮುಂದೆ ದಪ್ಪ ಕಲ್ಲು ಹಾಸಲಾಗಿದೆ.

ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಮೇಸ್ತ್ರಿಗೆ ಓದಿ ಹೇಳಲು ನಾವೇ ಕುಳಿತು ಬರೆದುಕೊಳ್ಳಬೇಕಾಯಿತು. ಶುಲ್ಕದಲ್ಲಿ ಎರಡೇ ಭೇಟಿಗಳು ಸೇರಿದ್ದವು, ಬಟ್ಟೆ ಹಾಸುವ ದಿನ ಎಂಜಿನಿಯರ್ ಇರಬೇಕೆಂದು ಮೂರನೆಯ ಭೇಟಿಗೆ ಬೇರೆಯಾಗಿ ಹಣ ಕೊಟ್ಟೆವು. ಅದು ವ್ಯರ್ಥವಾಗಲಿಲ್ಲ, ಏಕೆಂದರೆ ಎರಡು ಕಡೆ ಹರಿದಿದ್ದ ಬಟ್ಟೆಯನ್ನು ಅವರೇ ಕಂಡು ಬದಲಿ ಮಾಡಿಸಿದರು. ಕೆರೆಯಂಚಿನಲ್ಲಿ ಗೋಡೆ ಕಟ್ಟಬೇಕಾದವರು ಇಂಥ ಸೇವೆಯನ್ನು ಪಡೆಯಲೇಬೇಕು, ಒಪ್ಪಂದದಲ್ಲಿಯೇ ಕೋಡಿ ಮಟ್ಟದ ಲೆಕ್ಕವನ್ನೂ ಮೂರನೆಯ ಭೇಟಿಯನ್ನೂ ಬರೆಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಹೋಗುವಾಗ ಎಂಜಿನಿಯರ್, ಕೊಳವೆಗಳಿಂದ ಬರುವ ನೀರು ಕೆಂಪಾಗಿದ್ದರೆ ಹಿಂದಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ಕೂಡಲೇ ತಿಳಿಸಿ ಎಂದಿದ್ದರು. ಈ ವರ್ಷದ ಮಳೆಯಲ್ಲಿ ಮೂರು ಬಾರಿ ಹೋಗಿ ನೋಡಿದ್ದೇನೆ. ಎಲ್ಲ ಕೊಳವೆಗಳಿಂದಲೂ ತಿಳಿನೀರೇ ಬರುತ್ತಿತ್ತು.