ಸ್ಮೂದನಿಂಗ್ ಬಿಟ್ಟು ಗುಂಗುರು ಕೂದಲಿಗೆ ವಾಪಸ್ ಬರ್ತಿರೋರು ಈ 'ರಿವರ್ಸ್ ಪ್ಯಾಕೇಜ್' ಮಾತ್ರ ತಗೋಬೇಡಿ

ಮೊದಲೇ ಹೇಳಿಬಿಡ್ತೀನಿ. ಸ್ಮೂದನಿಂಗ್, ರೀಬಾಂಡಿಂಗ್ ಅಂತ ಕೆಮಿಕಲ್ ಹಚ್ಚಿ ನೆಟ್ಟಗೆ ಮಾಡಿಸಿದ ಕೂದಲನ್ನ ಮತ್ತೆ ಮೊದಲಿನ ಹಂಗೆ ಗುಂಗುರು ಮಾಡಿಕೊಡ್ತೀವಿ ಅಂತ ಯಾವ ಪಾರ್ಲರ್‌ನೋರು ಹೇಳಿದರೂ ಎದ್ದು ಬನ್ನಿ. ಆಗಲ್ಲ ಅದು. ಆಗೋದೇ ಇಲ್ಲ. ನಮ್ಮ ದಾವಣಗೆರೆಯಲ್ಲೇ, ಎಸಿ ಹಾಕಿಸಿ ಗೋಡೆ ತುಂಬ ಸರ್ಟಿಫಿಕೇಟ್ ತೂಗುಹಾಕಿರೋ ಜಾಗದಲ್ಲಿ 7,500 ರೂಪಾಯಿ ಕೊಟ್ಟು, ಇದ್ದಷ್ಟು ಗುಂಗುರನ್ನೂ ಕಳ್ಕೊಂಡು ಬಂದಿದ್ದೀನಿ. ಹೆಸರು ಹಾಕಲ್ಲ.

ಮದುವೆಗೆ ಮುಂಚೆ ಸ್ಮೂದನಿಂಗ್, ಆಮೇಲೆ ಬುಡದಲ್ಲಿ ಹೊಸದು ಬಂದಂಗೆಲ್ಲ ಟಚಪ್. ಎಲ್ಲರಿಗೂ ಗೊತ್ತಿರೋದೇ. ಸಾಕಾಗಿ ಬಿಟ್ಟೆ. ಕೂದಲು ಬೆಳೆಯೋದೇ ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್, ಕಾಯಬೇಕು. ಕಾದೆ. ಮೇಲೆ ಸುರುಳಿ ಸುರುಳಿ, ಕೆಳಗೆ ಪೊರಕೆ ಕಡ್ಡಿ ಇದ್ದಂಗೆ. ಆಫೀಸಲ್ಲಿ "ಯಾಕ್ರೀ, ತಲಿ ಬಾಚ್ಕೊಂಡಿಲ್ಲೇನ್ರೀ ಇವತ್ತು?" ಅನ್ನೋರು. ಅತ್ತೆಯವರು ಮನೆಗೆ ಬಂದೋರ ಮುಂದೆಲ್ಲ ಎಣ್ಣೆ ಹಚ್ಚಮ್ಮ ಅನ್ನೋರು. ಎಲ್ಲ ಕೇಳಿಸ್ಕೊಂಡು ಬೆಳೆಸಿದ ಕೂದಲು ಅದು. ಅದಕ್ಕೇ ಇಷ್ಟು ಸಿಟ್ಟು.

ಪಾರ್ಲರ್‌ಗೆ ಹೋಗಿದ್ದು ತುದಿ ಕತ್ತರಿಸೋಕೆ, ಅಷ್ಟೇ. ಅಲ್ಲಿದ್ದ ಹುಡುಗಿ ಕೂದಲು ಎತ್ತೆತ್ತಿ ನೋಡಿ, "ಅಯ್ಯೋ ಅಕ್ಕಾ, ಇಷ್ಟುದ್ದ ಯಾಕ್ ಕಟ್ ಮಾಡಿಸ್ತೀರಿ? ನಮ್ಮತ್ರ ರಿವರ್ಸ್ ಪ್ಯಾಕೇಜ್ ಐತಿ. ಕೆಳಗಿಂದೂ ಗುಂಗುರು ಬರ್ತತಿ, ಮ್ಯಾಲಿಂದಕ್ಕೆ ಮ್ಯಾಚ್ ಆಗ್ತತಿ" ಅಂದಳು. ಓನರ್ ಮೇಡಂ ಬಂದು ಫೋನಲ್ಲಿ ಯಾರ್‍ಯಾರದೋ ಫೋಟೋ ತೋರಿಸಿದರು. "ಕೆಮಿಕಲ್ ಏನೂ ಇಲ್ರೀ, ಬರೀ ಪ್ರೋಟೀನ್." ಬರೀ ಪ್ರೋಟೀನ್! ಒಳಗಿಂದ ಬಟ್ಟಲಲ್ಲಿ ಕಲಸಿಕೊಂಡೇ ತಂದರು, ಬಾಟಲಿ ಕಣ್ಣಿಗೇ ಬೀಳಲಿಲ್ಲ. ಬುಡದಿಂದ ತುದಿವರೆಗೂ ಬಳಿದರು. ಕಣ್ಣುರಿ, ಮೂಗಿಗೆ ಘಾಟು. ಕೇಳಿದರೆ, "ಅದು ಕೆಲಸ ಮಾಡಾಕತ್ತೈತಿ ಅಂತ ಅರ್ಥ ರೀ." ಆಮೇಲೆ ಕೂದಲು ನೆಟ್ಟಗೆ ಮಾಡೋ ಬಿಸಿ ಐರನ್ ತಂದರು. ಗುಂಗುರು ಬರಿಸೋಕೆ ಐರನ್ ಯಾಕ್ರೀ ಅಂದೆ. "ಸೀಲ್ ಮಾಡಾಕ್ರೀ. ತೊಳದ ಮ್ಯಾಲೆ ನೋಡ್ರಿ."

ತೊಳೆದ ಮೇಲೆ ನೋಡಿದೆ.

ಮುಂಚೆ ಒದ್ದೆ ಇರುವಾಗಲೇ ಬುಡದ ಕೂದಲು ಸುತ್ತಿಕೊಳ್ಳೋಕೆ ಶುರು ಮಾಡ್ತಿತ್ತು. ಅವತ್ತು ಸುತ್ತಿಕೊಳ್ಳಲಿಲ್ಲ. ಒಣಗಲಿ ಅಂದ್ಕೊಂಡೆ. ಒಣಗಿತು. ನೆಟ್ಟಗೆ. ಬುಡದಿಂದ ತುದಿವರೆಗೆ ನೆಟ್ಟಗೆ! ಮ್ಯಾಚ್ ಅಂತೂ ಮಾಡಿಕೊಟ್ಟರು ಪುಣ್ಯಾತ್ಗಿತ್ತಿ. ಮೇಲಾಗಿ ಹಳೇದು ಹೊಸದು ಸೇರೋ ಜಾಗ ಮೊದಲೇ ಸೂಕ್ಷ್ಮ, ಈಗ ಬಾಚಣಿಗೆ ತಾಗಿಸಿದರೆ ಮುರಿದು ಕೈಗೆ ಬರ್ತಿದೆ. ಎಷ್ಟು ಕೊಟ್ಟೆ ಅಂತ ಯಜಮಾನರಿಗೆ ಹೇಳಿಲ್ಲ, ಇದನ್ನ ಓದಿದರೆ ಗೊತ್ತಾಗುತ್ತೆ.

ಫೋನ್ ಮಾಡಿದೆ. "ಬೋರ್ ನೀರಾಗೆ ತೊಳದ್ರೇನ್ರೀ? ಅದಕ್ಕೇ ಹಂಗಾಗೈತಿ." ಬೋರ್ ನೀರಿಗೇ ಗುಂಗುರು ನೆಟ್ಟಗಾಗೋ ಹಂಗಿದ್ರೆ ಇವರ ಪಾರ್ಲರ್ ಎಂದೋ ಮುಚ್ಚಿ ಹೋಗ್ತಿತ್ತು. ಮರುದಿನ ಇನ್ನೊಂದು: "ನಿಮಗೆ ಥೈರಾಯ್ಡ್ ಇರಬೇಕು, ಟೆಸ್ಟ್ ಮಾಡಿಸ್ರಿ." ಖುದ್ದಾಗಿ ಹೋದೆ. ಆ ಹುಡುಗಿ ಇಲ್ಲ, "ಕೆಲಸ ಬಿಟ್ಲು." ಓನರ್ ಮೇಡಂ ಬೇರೆ ಗಿರಾಕಿಗಳಿಗೆ ಕೇಳೋ ಹಂಗೆ, "ಎಷ್ಟ್ ಚಂದ ಶೈನ್ ಬಂದೈತಿ ನೋಡ್ರಿ, ಜನ ಇದಕ್ಕೇ ದುಡ್ಡು ಕೊಟ್ಟು ಮಾಡಿಸ್ತಾರ!" ಕೂತಿದ್ದೋರು ನಕ್ಕರು. ನನಗೆ ಮುಖ ಎಲ್ಲಿಡಬೇಕೋ ತಿಳೀಲಿಲ್ಲ. ಕಡೆಗೆ ದನಿ ಇಳಿಸಿ, "ಇನ್ನೊಂದು ಸಿಟ್ಟಿಂಗ್ ತಗೊಳ್ರಿ, ಅರ್ಧ ರೇಟಿಗೆ ಮಾಡ್ಕೊಡ್ತೀನಿ." ಇನ್ನೊಂದು ಸಿಟ್ಟಿಂಗ್ ಅಂತೆ!

ಬಾಟಲಿ ತೋರಿಸೋವರೆಗೂ ಏಳಲ್ಲ ಅಂದೆ. ಫೋಟೋ ಹೊಡೆದು, ಬಿ.ಫಾರ್ಮ ಓದ್ತಿರೋ ಅಕ್ಕನ ಮಗಳಿಗೆ ಕಳಿಸಿದೆ. "ಚಿಕ್ಕಮ್ಮಾ, ಇದ್ರಲ್ಲಿ ಗ್ಲೈಆಕ್ಸಿಲಿಕ್ ಆ್ಯಸಿಡ್ ಐತಿ, ಕೂದಲು ಸ್ಟ್ರೇಟ್ ಮಾಡೋದೇ ಇದು!" ಕೆರಾಟಿನ್, ಹೇರ್ ಬೋಟಾಕ್ಸ್ ಅಂತ ಮಾರೋ ಎಷ್ಟೋ ಕ್ರೀಮ್‌ಗಳಲ್ಲಿ ಇರೋದು ಇದೇ. ಸ್ಟ್ರೇಟನಿಂಗ್ ಮಾಡಿಸಿಕೊಂಡಾಗಲೆಲ್ಲ, ಒಟ್ಟು ಮೂರು ಸಲ, ಕಿಡ್ನಿಗೆ ಪೆಟ್ಟು ಬಿದ್ದ 26 ವರ್ಷದ ಹೆಣ್ಣುಮಗಳೊಬ್ಬಳ ವಿಷಯವನ್ನ ಫ್ರಾನ್ಸಿನ ಡಾಕ್ಟರುಗಳು 2024ರಲ್ಲಿ ಬರೆದಿದ್ದಾರೆ, ಅವಳಿಗೆ ಹಚ್ಚಿದ್ದ ಕ್ರೀಮ್‌ನಲ್ಲೂ ಇದೇ ಆ್ಯಸಿಡ್. ನಮ್ಮೋರು ಇದಕ್ಕೆ ಪ್ರೋಟೀನ್ ಅಂತಾರೆ.

ಸ್ಕಿನ್ ಡಾಕ್ಟರ್ ಹತ್ರ ಹೋದಾಗ ಅವರು ನೇರವಾಗಿ ಹೇಳಿದರು. ಸ್ಮೂದನಿಂಗ್ ಅಂದರೆ ಕೂದಲಿನೊಳಗೆ ಗಂಧಕದ ಬಂಧಗಳಿರ್ತಾವಲ್ಲ, ಅವನ್ನ ಒಡೆದು, ನೆಟ್ಟಗೆ ಎಳೆದಿಟ್ಟು, ಮತ್ತೆ ಕೂಡಿಸೋದು. ಹೊರಗೆ ಬಂದ ಕೂದಲಿಗೆ ಜೀವ ಇಲ್ಲ, ಅದು ತಾನಾಗಿ ಮೊದಲಿನ ಹಂಗೆ ಆಗಲ್ಲ. ಹೊಸದು ಬೆಳೀಬೇಕು, ಹಳೇದು ಕತ್ತರಿಸಬೇಕು. ಹಂಗಾದರೆ ಗುಂಗುರು ಬರಿಸೋ ಪರ್ಮಿಂಗ್ ಮಾಡಿಸಲಾ ಅಂದೆ, ಅದೂ ಬಂಧ ಒಡೆಯೋ ಕೆಮಿಕಲ್ಲೇ, ಈ ಕೂದಲಿಗೆ ಹಚ್ಚಿದರೆ ಉದುರಿ ಹೋಗುತ್ತೆ ಅಂದರು. ಬುಡದ್ದು? ಆ್ಯಸಿಡ್‌ದು ತೊಳೀತಾ ತೊಳೀತಾ ಸ್ವಲ್ಪ ಬಿಡಬಹುದು, ಐರನ್ ಕಾವಿಗೆ ಸತ್ತಿದ್ದು ಬರಲ್ಲ. ಅಂದರೆ ಮತ್ತೆ ಮೊದಲಿಂದ.

ಹಂಗಾಗಿ ಕತ್ತರಿ ಬಿಟ್ಟು ಬೇರೆ ಏನಕ್ಕೂ ಒಪ್ಪಬೇಡಿ. ಒಂದೇ ಸಲ ಕತ್ತರಿಸಿ, ಇಲ್ಲ ಸ್ವಲ್ಪ ಸ್ವಲ್ಪ ಕತ್ತರಿಸಿ, ನಿಮ್ಮಿಷ್ಟ. ಬಾಟಲಿ ನೋಡದೆ ತಲೆ ಕೊಡಬೇಡಿ. ಐರನ್ ಕಂಡ ತಕ್ಷಣ ಎದ್ದೇಳಿ, ಅರ್ಧ ಬಳಿದಿದ್ದರೂ ಸರಿ. ಬಿಲ್ ಕೇಳಿ. ನನಗೆ ಕೊಡಲಿಲ್ಲ, ಆದರೆ ಫೋನ್‌ಪೇಲಿ ಕಟ್ಟಿದ್ದು ಇದೆ, ಬಾಟಲಿ ಫೋಟೋ ಇದೆ, "ಅರ್ಧ ರೇಟಿಗೆ ಮಾಡ್ಕೊಡ್ತೀನಿ" ಅಂತ ಆಮೇಲೆ ಕಳಿಸಿದ ವಾಟ್ಸಾಪ್ ವಾಯ್ಸ್ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗ್ತೀನಿ, 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, 2 ವರ್ಷ ಟೈಮಿದೆ. ದುಡ್ಡು ಬರುತ್ತೋ ಬಿಡುತ್ತೋ, ಆ ಓನರ್ ಮೇಡಂ ಮನೆ ಬಾಗಿಲಿಗೆ ನೋಟಿಸ್ ಅಂತೂ ಹೋಗಲಿ.